ಚಿಲಕ ಒಳಗಿರಲಿ

ಹುಲಗಪ್ಪನನ್ನು ನಾನು ಮೊದಲು ಕಳ್ಳನೆಂದೇ ತಿಳಿದಿದ್ದೆ.

ಆಗ ನಮ್ಮಪ್ಪ ಉಡಚಪ್ಪ ಹುಬ್ಬಳ್ಳಿಯ ರೈಲ್ವೆ ಸಾಹೇಬರೊಬ್ಬರ ಹಂದಿಗಳನ್ನು ನೋಡಿಕೊಳ್ಳುತ್ತಿದ್ದ. ತಾಯಿ ಹೊರಳಿದರೆ ಮರಿಗಳು ಅಡಿಗೆ ಸಿಕ್ಕು ಸಾಯುತ್ತವೆಂದು ಸಾಹೇಬರು ಹಲಗೆಯ ಗೂಡು ಮಾಡಿಸಿದ್ದರು. ಅದರೊಳಗೆ ಹಂದಿ ನಿಲ್ಲಬಹುದು, ಮಲಗಬಹುದು, ತಿರುಗುವಂತಿಲ್ಲ. ಚಿಲಕ ಹೊರಗೆ.

ಅಮ್ಮಿನಬಾವಿಯಿಂದ ಹುಲಗಪ್ಪ ನನ್ನನ್ನು ಮದುವೆಗೆ ಕೇಳಿಕೊಂಡು ಬಂದ.

"ಬಿಳಿ ಹಂದಿ ಈಯೂತನಕ ದುಡಿ, ತಮ್ಮಾ. ಒಂದ ಮರಿ ಸತ್ತರೂ ಬಂದ ದಾರಿ ಹಿಡಿ" ಎಂದ ಅಪ್ಪ. ಅಳಿಯನನ್ನು ಹೀಗೆ ಪರೀಕ್ಷಿಸುವುದು ನಮ್ಮ ಮನೆಯ ಪದ್ಧತಿ. ಅಕ್ಕನ ಗಂಡನೂ ಹೀಗೇ ಪಾಸಾದವನು.

ಹುಲಗಪ್ಪನಿಗೆ ಮಾತು ಕಡಿಮೆ, ನಗು ಹೆಚ್ಚು. ನನಗೆ ಆ ನಗುವಿನ ಮೇಲೆಯೇ ಅನುಮಾನ. ನಾನು ನೋಡಿದರೆ ಕಣ್ಣು ನೆಲಕ್ಕೆ. ಅತ್ತ ತಿರುಗಿದರೆ ನನ್ನ ಬೆನ್ನಿನ ಮೇಲೆ ಅವನ ನೋಟ ಬೆಚ್ಚಗೆ ಕೂತಿರುತ್ತಿತ್ತು.

ಆಮೇಲೆ ಬಣವೆಯ ಹುಲ್ಲು ಕರಗತೊಡಗಿತು. ಹಿಂದಿನ ಬೇಲಿಯಲ್ಲಿ ಕಂಡಿ ಬಿತ್ತು. ಸಂಜೆಯಾದರೆ ಹೆಗಲಿಗೆ ಗೋಣಿಚೀಲ ಹಾಕಿಕೊಂಡು ಆ ಕಡೆ ಹೋಗುವವನು ಇವನೇ.

"ಚೀಲದಾಗ ಏನೈತಿ?" ಎಂದೆ.

"ಹುಲ್ಲು."

"ಯಾರಿಗೆ ಮಾರ್ತಿ?"

"ಮಾರಂಗಿಲ್ಲ. ಒಬ್ಬಾಕಿಗೆ ಒಯ್ದು ಕೊಡ್ತೇನಿ."

ಒಬ್ಬಾಕಿ! ನನ್ನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಅದು ಹುಲ್ಲಿಗಾಗಿ ಬಿದ್ದ ಬೆಂಕಿಯಲ್ಲ.

ಮರುದಿನ ಸಂಜೆ ಬೆನ್ನು ಹತ್ತಿದೆ. ಬಿಳಿ ಹಂದಿಯ ಗೂಡು ಖಾಲಿ! ಕಂಡಿಯಾಚೆ ಹಾಳುಬಿದ್ದ ಮಣ್ಣಿನ ಕೊಟ್ಟಿಗೆ. ಅಲ್ಲಿ ಹಂದಿ ಬಾಯಿತುಂಬ ಹುಲ್ಲು ಕಚ್ಚಿ ಮೂಲೆಗೆ ಒಯ್ಯುತ್ತಿತ್ತು. ಹುಲಗಪ್ಪ ಗೋಡೆಯುದ್ದಕ್ಕೂ ನೆಲದಿಂದ ಗೇಣೆತ್ತರದಲ್ಲಿ ಬಿದಿರು ಕಟ್ಟುತ್ತಿದ್ದ.

"ಹಂದೀನs ಕದಿಯಾಕತ್ತೀ?"

"ಅದರ ಬಾಯಿ ನೋಡು, ಗುಡ್ಡವ್ವ."

ಹಲಗೆ ಕಚ್ಚಿ ಕಚ್ಚಿ ತುಟಿ ಹರಿದಿತ್ತು.

"ಈಯೂ ಮುಂದ ಹಾಸಿಗಿ ಮಾಡ್ಕೋಬೇಕು ಅಂತೈತಿ ಅದರ ಜೀವ. ಗೂಡಿನ್ಯಾಗ ಹುಲ್ಲಿಲ್ಲ, ಹೊಳ್ಳಾಕ ಜಾಗಿಲ್ಲ."

"ಮರಿ ಅಡಿಗೆ ಸಿಕ್ಕರ?"

"ಅದಕ್ಕs ಈ ಬಿದಿರು. ಗ್ವಾಡಿಗೂ ಇದಕ್ಕೂ ನಡುವ ನುಸುಳ್ತಾವ." ಗಂಟು ಬಿಗಿದು ಮೆಲ್ಲಗೆ ಅಂದ, "ಆದ್ರೂ ಒಂದು ಸತ್ತರ ನಾ ಅಮ್ಮಿನಬಾವಿಗೆ."

"ಗೊತ್ತಿದ್ದೂ ಮಾಡಿದಿ? ನನಗರ ಹೇಳಬಾರದಾ?"

"ನೀ ದಿನಾ ಕದ್ದು ನೋಡ್ತಿದ್ದಿ. ಅಪ್ಪಗ ಚಾಡಿ ಹೇಳಾಕ ಅಂತ ತಿಳದಿದ್ದೆ."

ಅಷ್ಟರಲ್ಲಿ ಅಪ್ಪ ಕಂಡಿಯಲ್ಲಿ ನಿಂತಿದ್ದ. "ಗೂಡಿನ ಚಿಲಕ ಯಾರು ತಗದ್ರು?"

"ನಾನs" ಎಂದೆ.

ಹುಲಗಪ್ಪ ಮೊದಲ ಸಲ ನನ್ನನ್ನು ಕಣ್ತುಂಬ ನೋಡಿದ. "ಸುಳ್ಳು ಹೇಳಾಕತ್ತಾಳ್ರಿ. ನಾ ತಗದೇನಿ."

ಅಪ್ಪ ಇಬ್ಬರನ್ನೂ ನಂಬಲಿಲ್ಲ. "ಮುಂಜಾನಿ ಮರಿ ನೋಡಿ ಮಾತಾಡೂಣು."

ಬೆಳಕು ಹರಿದಾಗ ರಾತ್ರಿ ಹುಟ್ಟಿದ ಮರಿಗಳು ಸಾಲಾಗಿ ಮೊಲೆ ಚೀಪುತ್ತಿದ್ದವು. ಹುಟ್ಟುವಾಗ ನಾವು ನೋಡಿದ್ದ ಮೊಂಡುಬಾಲದ ಒಂದು ಮಾತ್ರ ಕಾಣಲಿಲ್ಲ. ನಾನು ಬಗ್ಗಿ ಹುಲ್ಲಿನಲ್ಲಿ ಹುಡುಕಿದೆ. ಹಂದಿ ಮಗ್ಗುಲು ಬದಲಿಸಿತು. ಬಿದಿರಿನ ಹಿಂದಿನಿಂದ ಆ ಮರಿ ನಿದ್ದೆಗಣ್ಣಲ್ಲಿ ಹೊರಬಂತು.

ಅಪ್ಪ ಬಿದಿರನ್ನು ಅಲುಗಾಡಿಸಿ ನೋಡಿದ. ಗಟ್ಟಿಯಿತ್ತು. "ಸಾಹೇಬಗ ನಾ ಹೇಳ್ಕೋತೇನಿ. ಈ ಹುಡುಗಗ ನೀ ಏನಂತಿ, ಗುಡ್ಡೀ?"

ನಾನು ಅಪ್ಪನ ಕಡೆಯಿಂದ ತಿರುಗಿದೆ. ಹುಲಗಪ್ಪನಿಗೆ ಹೇಳಿದೆ, "ನಮ್ಮ ಮನಿ ಕಟ್ಟೂಮುಂದ ಚಿಲಕ ಒಳಗಿರ್ಲಿ."

"ಒಳಗs ಇಡಸ್ತೇನಿ" ಎಂದ, ಕಣ್ಣು ನೆಲಕ್ಕಿಳಿಸದೆ. "ನೀ ತಗದ್ರ ನಾ ಬರ್ತೇನಿ."