ಅಂಬಿಗನ ಕೈಗೆ ಏರಿದ ಬಳೆಗಳು

ಬಹಳ ಹಿಂದೆ, ಗಾಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಹೊಂಗಡ ಎಂಬ ರಾಜ್ಯವಿತ್ತು. ಅಲ್ಲಿಯ ರಾಜನನ್ನು ಕರಾಳಜಟಿ ಎಂಬ ಮಾಂತ್ರಿಕ ವಶಮಾಡಿಕೊಂಡಿದ್ದ. ಯುದ್ಧ ನಡೆದಷ್ಟು ದಿನವೂ ಮಾಂತ್ರಿಕನಿಗೆ ವಯಸ್ಸಾಗುತ್ತಿರಲಿಲ್ಲ. ಅದಕ್ಕೇ ಅವನು ಯುದ್ಧ ನಿಲ್ಲಗೊಡಲಿಲ್ಲ.

ದಂಡಿಗೆ ಗಂಡಸರು ಸಾಲದಾದಾಗ ಅವನೊಂದು ಮಂತ್ರ ಹಾಕಿದ. ಊರಲ್ಲುಳಿದ ಗಂಡಸರ ಕೈಗೆ ಹಸಿರು ಬಳೆಗಳು ತಾವಾಗಿ ಏರಿದವು. ಕೈ ಆಡಿಸಿದಾಗಲೆಲ್ಲ ‘ಹೇಡಿ, ಹೇಡಿ’ ಎಂದವು.

ಮಾಳಿಂಗ ಆ ಊರ ಅಂಬಿಗ. ದಿನವೂ ಹೊಳೆಯಾಚೆಯ ಗಾಯಾಳುಗಳನ್ನು ಈಚೆಗೆ ದಾಟಿಸುತ್ತಿದ್ದ. ಮೊದಲ ದಿನ ಅವನ ಎಡಗೈಗೆ ಬಳೆ ಬಂದವು. ಸಂತೆಗೆ ಹೊರಟವರು ದೋಣಿಯಲ್ಲಿ ಮುಖ ತಿರುಗಿಸಿ ಕೂತರು.

“ನಾನು ಬೇಡ, ನನ್ನ ದೋಣಿ ಮಾತ್ರ ಬೇಕು!” ಎಂದು ಗೊಣಗಿದ.

ಎರಡನೆಯ ದಿನ ಬಲಗೈಗೂ ಬಂದವು. ಹೆಣ್ಣು ಕೊಡಬೇಕಿದ್ದ ಮಾವ ಬಂದ. “ಬಳೆ ತೊಟ್ಟವನಿಗೆ ಮಗಳನ್ನ ಕೊಡೋದಿಲ್ಲ” ಅಂದ.

“ನಿಮ್ಮ ಶಾಲಿನೊಳಗೆ ಏನದು ಸದ್ದು, ಮಾವಯ್ಯ?”

“ನನಗೆ ವಯಸ್ಸಾಯ್ತಪ್ಪ!” ಎಂದು ಮಾವ ಸರಸರ ನಡೆದ.

ಮೂರನೆಯ ದಿನ ಅಕ್ಕ ದ್ಯಾಮವ್ವ ಬಂದಳು. ದಂಡಿಗೆ ಹೋದ ಅವಳ ಗಂಡನ ಸುದ್ದಿಯೇ ಇರಲಿಲ್ಲ.

“ನೀನೂ ಹೋಗಿಬಿಡೋ ತಮ್ಮ. ಬಾವಿಕಟ್ಟೇಲಿ ನಾನು ತಲೆ ಎತ್ತೋ ಹಾಗಿಲ್ಲ.”

“ಸಾಕಾಯ್ತಕ್ಕ, ನೀನೂ ಶುರುಮಾಡಿದೆಯಾ? ದೋಣಿ ಹತ್ತು. ಆಚೆ ದಡ ನೋಡಿ ಬಂದು ಆಮೇಲೆ ಹೋಗು ಅನ್ನು.”

ಆಚೆ ದಡದ ಮರಳಲ್ಲಿ ಅವಳ ಗಂಡನೇ ಮಲಗಿದ್ದ. ಒಂದು ಕಾಲಿರಲಿಲ್ಲ. “ಮಾಳಿಂಗ ಬರ್ತಾನೆ ಅಂತ ಜೀವ ಹಿಡ್ಕೊಂಡಿದ್ದೆ” ಎಂದ.

ದ್ಯಾಮವ್ವ ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಎದ್ದು, ಎರಡೂ ದಡಕ್ಕೆ ಕೇಳುವಂತೆ ಕೂಗಿದಳು: “ನನ್ನ ತಮ್ಮ ಹೇಡಿಯಲ್ಲ! ಊರವರ ಬಾಯಿಗೆ ಹೆದರಿ ಅವನನ್ನ ಸಾಯೋಕೆ ಕಳಿಸ್ತಿದ್ದೆನಲ್ಲ, ನಾನು ಹೇಡಿ!”

ಮಾಳಿಂಗನ ಬಳೆಗಳು ಚಟಚಟನೆ ಒಡೆದವು. ಅದನ್ನು ಕಂಡ ಗಾಯಾಳುಗಳೂ ‘ಹೇಡಿಯಲ್ಲ’ ಎಂದು ಕೂಗಿದರು, ಒಬ್ಬ ಮಗನ ಹೆಸರು ಹಿಡಿದು, ಇನ್ನೊಬ್ಬ ಅಣ್ಣನ ಹೆಸರು ಹಿಡಿದು. ಕೂಗು ಊರಿಂದೂರಿಗೆ ಹಬ್ಬಿತು. ರಾಜ್ಯದಲ್ಲಿ ಒಂದು ಬಳೆಯೂ ಉಳಿಯಲಿಲ್ಲ. ದಂಡಿಗೆ ಹೋಗುವವರಿಲ್ಲದೆ ಕಾದಾಟ ನಿಂತುಹೋಯಿತು. ಅರಮನೆಯಲ್ಲಿ ಕರಾಳಜಟಿಗೆ ಮುನ್ನೂರು ವರ್ಷ ಒಮ್ಮೆಲೇ ಆಯಿತು. ಅವನು ಬೂದಿಯಾದ.

ರಾಜ ನಿದ್ದೆಯಿಂದೆದ್ದವನಂತೆ, “ಈ ಯುದ್ಧ ಯಾಕೆ ಮಾಡ್ತಿದ್ದೇವೆ?” ಎಂದು ಕೇಳಿದ. ಯಾರಿಗೂ ಗೊತ್ತಿರಲಿಲ್ಲ. ಯುದ್ಧ ಮುಗಿಯಿತೆಂದು ರಾಜ ಅಂದೇ ಡಂಗುರ ಹೊಡೆಸಿದ.

ಮಾವ ಎಲೆ ಅಡಿಕೆ ಹಿಡಿದು ಓಡಿಬಂದ. “ಅಳಿಯಂದಿರೇ...”

“ಮಾತು ಆಮೇಲೆ, ಮಾವಯ್ಯ. ಆಚೆ ಇನ್ನೂ ನೂರು ಜನ ಇದ್ದಾರೆ. ಹತ್ತಿ, ಎತ್ತೋಕೆ ಕೈ ಬೇಕು.”

ಮಾವ ತೆಪ್ಪಗೆ ದೋಣಿ ಹತ್ತಿದ. ಕೊನೆಯ ಗಾಯಾಳು ಮನೆ ಸೇರಿದ ಮೇಲೆ ಮದುವೆಯಾಯಿತು. ಹೊಂಗಡದ ಜನ ಉಂಡುಟ್ಟು ಸುಖವಾಗಿದ್ದರು.