ನೆರಳಿಗೆ ಒತ್ತಿದ ಪಿನ್ನು

ಬಹಳ ಹಿಂದೆ, ಸೂರ್ಯನೂ ಅಪ್ಪಣೆ ಕೇಳಿ ಮುಳುಗುತ್ತಿದ್ದ ಕಾಲದಲ್ಲಿ, ಹೊಂಬೆಟ್ಟ ಎಂಬ ರಾಜ್ಯವಿತ್ತು. ಅಲ್ಲಿಗೆ ಧೂಮಕೇಶನೆಂಬ ಮಾಯಾವಿ ಪಿನ್ನುಗಳನ್ನು ತಂದ. ದಪ್ಪ ತಲೆ, ಚೂಪು ಮೊನೆ. ಹೆಬ್ಬೆರಳಲ್ಲಿ ಒತ್ತಿದರೆ ಗೋಡೆಯನ್ನು ಕಚ್ಚಿಕೊಳ್ಳುತ್ತಿದ್ದವು. ಅರಸ ಆಜ್ಞೆಗಳನ್ನು ಚುಚ್ಚಿಸಿದ, ಸೇನಾಪತಿ ನಕ್ಷೆ ಚುಚ್ಚಿದ, ಹೆಂಗಸರು ಪರದೆ ಚುಚ್ಚಿದರು. ಆಮೇಲೆ ಜನ ಸತ್ತವರ ನೆರಳುಗಳನ್ನೂ ಚುಚ್ಚಿಟ್ಟುಕೊಂಡರು. ಹೆಣ ಎತ್ತಿದ ಸಂಜೆ ಬಾಗಿಲು ತೆರೆದು ನೆರಳನ್ನು ಕಳಿಸಿಕೊಡುವುದು ಅಲ್ಲಿಯ ಪದ್ಧತಿಯಾಗಿತ್ತು. ಪಿನ್ನು ಬಂದ ಮೇಲೆ ಪದ್ಧತಿ ಹಳೆಯದಾಯಿತು.

ಸಿಂಗಾರವ್ವ ಎಂಬವಳೂ ತೀರಿಹೋದ ತನ್ನ ತಮ್ಮ ಚೆನ್ನಿಗನ ನೆರಳನ್ನು ಅಡುಗೆಮನೆಯ ಗೋಡೆಗೆ ಒತ್ತಿದಳು: ಕಾಲಿಗೊಂದು, ಕೈಗೊಂದು, ಎದೆಗೊಂದು. ಅವನ ಪುಟ್ಟ ಮಗಳು ಗಿಣಿಯವ್ವ ಅದರ ಕೆಳಗೆ ಕೂತು ಉಣ್ಣುತ್ತಿದ್ದಳು. ದಿನ ಕಳೆದಂತೆ ಮಗುವಿನ ಪಾದ ಮಾಸಿ ಕಾಣದಾಯಿತು, ಆಮೇಲೆ ಮೊಣಕಾಲು. ಗೋಡೆಯ ನೆರಳು ಮಾತ್ರ ಕಪ್ಪಗೆ ಮಿರುಗುತ್ತಿತ್ತು.

ಸಿಂಗಾರವ್ವ ಮಾಯಾವಿಯನ್ನೇ ಹೋಗಿ ಕೇಳಿದಳು. ಮಗುವಿನಿಂದ ಹೋದದ್ದರಲ್ಲಿ ಅರ್ಧ ನೆರಳಿಗೆ, ಅರ್ಧ ತನಗೆ ಎಂದು ಅವನು ಮುಚ್ಚುಮರೆಯಿಲ್ಲದೆ ಹೇಳಿದ. ಒಂದೇ ಒಂದು ನೆರಳನ್ನು ಮನೆಯವರು ಬಿಡಿಸಿದರೂ ರಾಜ್ಯದ ಪಿನ್ನೆಲ್ಲ ಉದುರಿ, ತಾನು ಹೊಗೆಯಾಗುವುದನ್ನೂ ಹೇಳಿದ.

"ಎಲ್ಲರಿಗೂ ಹೇಳಿದ್ದೇನಮ್ಮ. ಯಾರೂ ಕಿತ್ತಿಲ್ಲ."

ಸಿಂಗಾರವ್ವ ಮನೆಗೆ ಬಂದು ನೆರಳಿನ ಕಾಲಿನ ಪಿನ್ನಿಗೆ ಕೈಹಾಕಿದಾಗ ಮೂರು ತಲೆಯ ಹುಲಿ ಬಂತು. ಒಲೆಯ ಕೊಳ್ಳಿ ಬೀಸಿ ಅಟ್ಟಿ, ಪಿನ್ನು ಕಿತ್ತಳು. ಕೈಯ ಪಿನ್ನಿಗೆ ಕೈಹಾಕಿದಾಗ ರೆಕ್ಕೆಯ ಹಾವು ಬಂತು; ಅದರ ಮೇಲೆ ಮಡಕೆ ಕವುಚಿ ಬೀಸುಕಲ್ಲು ಹೇರಿ, ಆ ಪಿನ್ನನ್ನೂ ಕಿತ್ತಳು. ಎದೆಯ ಪಿನ್ನಿಗೆ ಯಾವ ಮೃಗವೂ ಬರಲಿಲ್ಲ. ಅದರ ಅಗತ್ಯವಿರಲಿಲ್ಲ.

"ಬಿಡೇ ಅಕ್ಕ," ಎಂದಿತು ನೆರಳು.

"ರೊಟ್ಟಿ ಬೇಯ್ತಾ ಇದೆ. ತಿಂದು ಹೋಗೋ."

"ನೆರಳಿಗೆಲ್ಲಿ ಹೊಟ್ಟೆ? ಮಗೂಗೆ ಕೊಡು."

ಹೆಂಚಿನ ಮೇಲೆ ರೊಟ್ಟಿ ಸೀದುಹೋಗುವವರೆಗೂ ಅವಳು ನಿಂತಿದ್ದಳು. ಆಮೇಲೆ ಕಿತ್ತಳು. ಬಾಗಿಲು ತೆರೆದಳು. ನೆರಳು ಹೊಸ್ತಿಲು ದಾಟಿತು. ತಿರುಗಿ ನೋಡಿತೋ ಇಲ್ಲವೋ ತಿಳಿಯಲಿಲ್ಲ, ನೆರಳಿಗೆ ಮುಖವಿರುವುದಿಲ್ಲ.

ಮಾಯಾವಿ ಹೊಗೆಯಾದ. ಮನೆಮನೆಯ ಪಿನ್ನುಗಳು ಉದುರಿದವು. ಅರಸನ ಆಜ್ಞೆಗಳೂ ಉದುರಿದವು; ಅವನ್ನು ಯಾರೂ ಎತ್ತಲಿಲ್ಲ. ತಮ್ಮವರ ನೆರಳು ಹೋಯಿತೆಂದು ಕೆಲವರು ಸಿಂಗಾರವ್ವನಿಗೆ ಹಿಡಿಶಾಪ ಹಾಕಿದರು. ಕಾಲು ಮೂಡಿದ ಗಿಣಿಯವ್ವ ಅಂಗಳಕ್ಕೆ ಓಡಿದಳು.

ಹೀಗೆ ಹೊಂಬೆಟ್ಟದವರೆಲ್ಲ ಸುಖವಾಗಿ ಬಾಳಿದರು. ಆ ವರ್ಷ ಮನೆಮನೆಗೂ ಸುಣ್ಣ ಬಳಿದರು. ಅಡುಗೆಮನೆಯ ಆ ಒಂದು ಗೋಡೆಯನ್ನು ಸಿಂಗಾರವ್ವ ಬಳಿಯಗೊಡಲಿಲ್ಲ.