ಪರಿಮಳ ಬಂದ ಗಂಧದ ಪೆಟ್ಟಿಗೆ

೧೯೬೬ರ ಮಾರ್ಚ್ ೧೪, ಸೋಮವಾರ, ಬೆಳಿಗ್ಗೆ ೧೦.೨೦. ಸಾಗರ ಠಾಣೆಗೆ ಬಂದ ಆ ದೂರಿನಂಥದ್ದು ಮೈಸೂರು ರಾಜ್ಯದಲ್ಲೇನು, ಭೂಮಂಡಲದಲ್ಲೇ ಬೇರೆಲ್ಲೂ ದಾಖಲಾಗಿಲ್ಲ. ತಂದವರು ಊರಿನ ವಸ್ತುಸಂಗ್ರಹಾಲಯದ ಮೇಲ್ವಿಚಾರಕ ಹೇರಂಬ ಭಟ್ಟರು.

"ನಮ್ಮ ಗಂಧದ ಪೆಟ್ಟಿಗೆ ಪರಿಮಳ ಬರ್ತಾ ಇದೆ."

"ಮತ್ತೆಂತ, ಬೆಳ್ಳುಳ್ಳಿ ವಾಸನೆ ಬರ್ಬೇಕಿತ್ತಾ ಭಟ್ರೇ?" ಎಂದ ಕಾನ್‌ಸ್ಟೇಬಲ್ ಗುತ್ಯಪ್ಪ.

"ನೂರು ವರ್ಷದ ಪೆಟ್ಟಿಗೆ ಮಾರಾಯಾ! ಅದರ ವಾಸನೆ ಯಾವತ್ತೋ ಸತ್ತಿತ್ತು. ನಿನ್ನೆ ಗಾಜಿನ ಬಾಗಿಲು ತೆಗೆದ್ರೆ ಗಮ್ ಅಂತು."

ಇನ್‌ಸ್ಪೆಕ್ಟರ್ ರಾಮಚಂದ್ರಪ್ಪನವರದು, ತಾಳಗುಪ್ಪದಲ್ಲಿ ಉಪ್ಪಿಟ್ಟು ಸೀದರೆ ಸಾಗರದಲ್ಲಿ ಕುಳಿತು ಹೇಳುವ ಮೂಗು. "ಹೊಸ ಮರ. ಪೆಟ್ಟಿಗೆ ಬದಲಾಗಿದೆ" ಎಂದು ಎಫ್.ಐ.ಆರ್. ಬರೆಸಿದರು.

೧೧.೩೦ಕ್ಕೆ ಸ್ಥಳ ಪಂಚನಾಮೆ. ಗೇಣುದ್ದದ ಪೆಟ್ಟಿಗೆಯ ಮೇಲೆ ಮೂರು ಸಾವಿರ ಆನೆಗಳ ಮೆರವಣಿಗೆ, ಒಂದೊಂದು ಆನೆಗೂ ರೆಪ್ಪೆಗೂದಲು! ಹಳೆಯ ಫೋಟೋ ಪಕ್ಕಕ್ಕಿಟ್ಟರೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

"ಇದನ್ನ ಕೆತ್ತಿದ ಕಳ್ಳನಿಗೆ ಹಾರ ಹಾಕ್ಬೇಕು ಸ್ವಾಮಿ," ಎಂದ ಗುತ್ಯಪ್ಪ.

"ಮೊದ್ಲು ಬೇಡಿ ಹಾಕು. ಭಟ್ರೇ, ಕಪಾಟು ಮುಟ್ಟಿದ್ದು ಯಾರು?"

"ಹೋದ ವಾರ ಬಾಗಿಲ ಕೀಲು ಸರಿಮಾಡಲಿಕ್ಕೆ ಗಂಧ ಕೆತ್ತೋ ಗುಡಿಗಾರ ಜಟ್ಟಪ್ಪ ಬಂದಿದ್ದ. ಪೆಟ್ಟಿಗೆ ತಿರುಗಿಸಿ ತಳ ತೋರ್ಸಿ ಅಂತ ಒಂಬತ್ತು ವರ್ಷದಿಂದ ಪ್ರಾಣ ತಿಂತಿದ್ದಾನೆ. ಮುಟ್ಟೋ ಹಾಗಿಲ್ಲ ಅಂದಿದ್ದೆ."

"ನೀವು ಪೂರ್ತಿ ಹೊತ್ತು ಅಲ್ಲೇ ಇದ್ರಾ?"

"ಒಂದು ಲೋಟ ಕಾಫಿ ಕುಡಿಯಕ್ಕೆ..."

"ಸಾಕು."

೧.೧೫ಕ್ಕೆ ಜಟ್ಟಪ್ಪನ ಮನೆ, ಭಟ್ಟರೂ ಜೊತೆಗೆ. ಎಪ್ಪತ್ತರ ಮುದುಕ ಅಂಗಳದ ಬಿಸಿಲಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲೆ ಕವುಚಿಟ್ಟು ಭೂತಗನ್ನಡಿ ಹಿಡಿದಿದ್ದ. ಪೊಲೀಸರನ್ನು ಕಂಡು ಅದನ್ನು ಮುಚ್ಚಿಡಲೂ ಇಲ್ಲ.

"ನಕಲು ನೀವೇ ಮಾಡಿದ್ದಾ?"

"ಗಾಜಿನ ಹೊರಗೆ ನಿಂತು ನೋಡ್ಕೊಂಡು."

"ಇದನ್ಯಾಕೆ ತಂದ್ರಿ?"

"ನಮ್ಮಜ್ಜ ಮಾಡಿದ್ದು. ತಳಕ್ಕೂ ಕೆತ್ತಿದಾನೆ ಅಂತಿದ್ದ ಅಪ್ಪ. ಕಾಣದ ಜಾಗಕ್ಕೆ ಯಾವನು ಉಳಿ ಹಾಕ್ತಾನೆ ಅಂತ ಕೇರಿಯೋರೆಲ್ಲ ನಗೋರು. ಈ ಮಳೆಗಾಲದೊಳಗೆ ನನ್ನ ಕಣ್ಣು ಪೂರಾ ಹೋಗ್ತದಂತೆ, ಡಾಕ್ಟ್ರು ಹೇಳಿದಾರೆ. ಅಷ್ಟರೊಳಗೆ ನೋಡ್ಬೇಕಿತ್ತು."

ರಾಮಚಂದ್ರಪ್ಪ ಭೂತಗನ್ನಡಿ ಇಸಿದುಕೊಂಡು ಬಗ್ಗಿದರು. ಬಗ್ಗಿದವರು ಏಳಲಿಲ್ಲ.

ಇರುವೆಗಳು! ಒಂದು ಲಕ್ಷ ಇರುವೆಗಳು ಸಾಲಾಗಿ ಹೊರಟಿದ್ದವು, ಒಂದೊಂದರ ಬಾಯಲ್ಲೂ ಒಂದೊಂದು ಅಕ್ಕಿನುಚ್ಚು. ಪಂಚನಾಮೆಯಲ್ಲಿ ನಾನೂರ ಹನ್ನೆರಡು ಎಂದಿದೆ. ಪೊಲೀಸರಿಗೆ ಎಣಿಸುವ ತಾಳ್ಮೆ ಎಲ್ಲಿಯದು? ಗುತ್ಯಪ್ಪ ನೋಡಿ ಟೊಪ್ಪಿ ತೆಗೆದ. ಒಂಬತ್ತು ವರ್ಷ ಮುಟ್ಟಬೇಡ ಎಂದ ಭಟ್ಟರು, "ಇನ್ನೊಂಚೂರು ನೋಡ್ತೆ" ಎಂದು ಕನ್ನಡಿಯನ್ನೇ ಬಿಡಲೊಲ್ಲರು.

"ಎಲ್ಲಾ ನೋಡಿ ಆಯ್ತಾ ಜಟ್ಟಪ್ಪನೋರೆ?"

"ಆ ಒಂದು ಮೂಲೆ ಉಳೀತು."

ಇನ್‌ಸ್ಪೆಕ್ಟರ್ ಭಟ್ಟರ ಕೈಯಿಂದ ಕನ್ನಡಿ ಬಿಡಿಸಿ ಮುದುಕನಿಗೆ ಕೊಟ್ಟು, ಜಗಲಿಯಲ್ಲಿ ಕುಳಿತರು.

ದಸ್ತಗಿರಿ ವೇಳೆ: ೪.೪೦. ಅಪರಾಧದ ಉದ್ದೇಶ ಎಂಬಲ್ಲಿ ರಾಮಚಂದ್ರಪ್ಪನವರು ತಮ್ಮ ಕೈಯಾರೆ ಬರೆದರು: "ತಳ ನೋಡುವುದು. ನೋಡಿದ್ದಾರೆ."